ಮಾಡ್‌ಬಸ್ ಡ್ರೈವರ್ ಲಾಗ್: ಕೆಟ್ಟಾಗ ಮಾತ್ರ ಮಾತಾಡು

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಕೂರಿಸಿರುವ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಕೊನೆಗೂ ಬಾಯಿ ಬಿಟ್ಟಿದೆ. ಇಷ್ಟು ದಿನ ಅದರ ಲಾಗ್‌ನಲ್ಲಿ (ನಡೆದದ್ದರ ದಾಖಲೆ) ಏನೇ ಆದರೂ ‘ರೀಡ್ ಫೇಲ್ಡ್’ ಅಂತ ಒಂದೇ ರಾಗ.

ಹೊಸಬರಿಗೆ ಎರಡು ಮಾತು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಬಣ್ಣ ಮಾಸಬಾರದು ಅಂತ ಚೀಲಗಳನ್ನು ತಂಪಿನಲ್ಲಿಡುತ್ತಾರೆ. ಚೇಂಬರ್‌ಗಳ ಟೆಂಪರೇಚರ್ ಕಂಟ್ರೋಲರ್‌ಗಳು, ಒಂದು ಎನರ್ಜಿ ಮೀಟರ್, ಎಲ್ಲವೂ ಒಂದೇ ಆರ್‌ಎಸ್-485 ವೈರಿನ (ಹಲವು ಸಾಧನಗಳು ಹಂಚಿಕೊಂಡು ಮಾತಾಡುವ ಲೈನ್) ಮೇಲಿವೆ. ಪೈ ಮೇಲೆ ಓಡುವ ನನ್ನ ಪೈಥಾನ್ ಡ್ರೈವರ್ (ಅವುಗಳ ಜೊತೆ ಮಾತಾಡುವ ಪ್ರೋಗ್ರಾಂ) ಮಾಡ್‌ಬಸ್ ಆರ್‌ಟಿಯು ಅನ್ನೋ ಭಾಷೆಯಲ್ಲಿ ಸರದಿ ಪ್ರಕಾರ ಎಲ್ಲರನ್ನೂ ವಿಚಾರಿಸುತ್ತದೆ. ನಾನು ಹುಬ್ಬಳ್ಳಿಯಲ್ಲಿ ಕೂತು ನೋಡುತ್ತೇನೆ.

ಮೊದಲು ಮಾಡಿದ ಕೆಲಸ, ತಪ್ಪುಗಳನ್ನು ಬೇರೆ ಬೇರೆ ಮಾಡಿದ್ದು. ಟೈಮ್‌ಔಟ್ ಅಂದ್ರೆ ಯಾರೂ ಉತ್ತರವನ್ನೇ ಕೊಟ್ಟಿಲ್ಲ. ವೈರು, ಪವರ್, ಸ್ಲೇವ್ ನಂಬರ್ (ಲೈನಿನಲ್ಲಿ ಆ ಸಾಧನದ ವಿಳಾಸ) ನೋಡಬೇಕು. ಸಿಆರ್‌ಸಿ, ಅಂದ್ರೆ ಸಂದೇಶದ ಕೊನೆಯ ತಾಳೆ ಸಂಖ್ಯೆ, ತಪ್ಪಿದರೆ ಉತ್ತರ ಬಂದಿದೆ, ಆದರೆ ದಾರಿಯಲ್ಲಿ ಕೆಟ್ಟಿದೆ. ಎಕ್ಸೆಪ್ಷನ್ (ಸಾಧನವೇ ಕಳಿಸುವ ‘ಆಗಲ್ಲ’ ಅನ್ನೋ ಉತ್ತರ) ಬಂದರೆ ಲೈನ್ ಚೆನ್ನಾಗಿದೆ, ಹೆಚ್ಚಾಗಿ ನಾವು ಕೇಳಿದ್ದೇ ಸರಿಯಿಲ್ಲ. 03, ಅಂದ್ರೆ ರಿಜಿಸ್ಟರ್ (ಸಾಧನದೊಳಗೆ ಒಂದು ಸಂಖ್ಯೆ ಇರುವ ಜಾಗ) ಓದು ಅಂತ ಕಳಿಸಿದ್ದಕ್ಕೆ 83 ಬಂದು, ಹಿಂದೆಯೇ 02 ಇದ್ದರೆ ಆ ರಿಜಿಸ್ಟರ್ ಅಲ್ಲಿ ಇಲ್ಲ ಅಂತ. ಮ್ಯಾನ್ಯುಯಲ್‌ನಲ್ಲಿ 40001 ಅಂತ ಬರೆದದ್ದು ವೈರಿನ ಮೇಲೆ 0 ಆಗಿರುತ್ತೆ ಅನ್ನೋದು ಇಲ್ಲೇ ಕಾಡುವುದು. ಮೂರಕ್ಕೂ ಔಷಧಿ ಬೇರೆ, ಒಂದೇ ಸಾಲಿನಲ್ಲಿ ಕಟ್ಟಿಹಾಕಿದರೆ ಸುಮ್ನೆ ಹುಡುಕಾಟ.

ಎರಡನೆಯದು ಬೈಟ್‌ಗಳ ಲಾಗ್. ಹಗಲು-ರಾತ್ರಿ ಡೀಬಗ್ (ಪ್ರತಿ ವಿವರವನ್ನೂ ಬರೆಯುವ ಲಾಗ್) ಹಾಕಿಟ್ಟರೆ ಎಸ್‌ಡಿ ಕಾರ್ಡ್ ಸವೆಯುತ್ತದೆ, ಬೇಕಾದ ಸಾಲೂ ಸಿಗುವುದಿಲ್ಲ. ಅದಕ್ಕೆ ಕೊನೆಯ 200 ಸಾಲು ಮೆಮೊರಿಯಲ್ಲೇ ಇರಲಿ, ತಪ್ಪಾದಾಗ ಮಾತ್ರ ಫೈಲಿಗೆ ಇಳಿಯಲಿ ಅಂತ ಮಾಡಿದೆ. ಪೈಥಾನ್‌ನಲ್ಲಿ ಮೆಮೊರಿಹ್ಯಾಂಡ್ಲರ್ ಅಂತ ರೆಡಿ ಸಾಮಾನು ಇದೆ. ಆದರೆ ಅದು ತುಂಬಿದರೂ ಸಾಕು, ತಪ್ಪಿಲ್ಲದೆಯೂ ಎಲ್ಲವನ್ನೂ ಫೈಲಿಗೆ ಸುರಿಯುತ್ತದೆ. ನನಗೆ ಬೇಕಾದದ್ದು ಹಳೆಯದನ್ನು ಬಿಸಾಕುವಂಥದ್ದು. ಡೆಕ್ (ಗಾತ್ರ ಮೀರಿದರೆ ಹಳೆಯದನ್ನು ಬಿಡುವ ಪೈಥಾನ್ ಪಟ್ಟಿ) ಬಳಸಿ ಪುಟ್ಟ ಹ್ಯಾಂಡ್ಲರ್ ಬರೆದುಕೊಂಡೆ. ಫೈಲಿಗೆ ರೊಟೇಟಿಂಗ್ ಹ್ಯಾಂಡ್ಲರ್: 5 ಎಂಬಿ ತುಂಬಿದರೆ ಹೊಸ ಫೈಲ್, ಹಳೆಯವು ನಾಲ್ಕು. ಅಷ್ಟು ಸಾಕು.

ಫೈಲಿಗೆ ಇಳಿದ ಮೊದಲ ಕಂತಿನಲ್ಲೇ ಮಜಾ ಇತ್ತು. 01 03 00 00 00 02, ಆಮೇಲೆ ಸಿಆರ್‌ಸಿ ಅಂತ ನಾವು ಕಳಿಸಿದ್ದೇವೆ, ಅಂದ್ರೆ 1ನೇ ಸಾಧನದ ಮೊದಲ ಎರಡು ರಿಜಿಸ್ಟರ್ ಕೊಡು ಅಂತ. ಉತ್ತರ 01 03 04 ಅಂತ ಶುರುವಾಗಬೇಕು. ಬಂದದ್ದು 00 01 03 04. ಮುಂದಿನದೆಲ್ಲ ಸರಿಯಾಗಿಯೇ ಇದೆ, ಶುರುವಿನಲ್ಲಿ ಮಾತ್ರ ಒಂದು ಸೊನ್ನೆ ಜಾಸ್ತಿ! ಯಾರೂ ಮಾತಾಡದ ಹೊತ್ತಿನಲ್ಲಿ ಲೈನ್ ಅತಂತ್ರವಾಗಿರುತ್ತದೆ, ಕಳಿಸುವವರು ಬದಲಾಗುವಾಗ ರಿಸೀವರ್ ಅದನ್ನೇ ಒಂದು ಬೈಟ್ ಅಂದುಕೊಳ್ಳುತ್ತದೆ. ಸೊನ್ನೆಯನ್ನು ಕೋಡ್‌ನಲ್ಲೇ ಕತ್ತರಿಸಿ ಎಸೆಯಬಹುದಿತ್ತು, ನನಗೆ ಅದು ಒಗ್ಗಲಿಲ್ಲ. ಖಾಲಿ ಲೈನ್ ಅತಂತ್ರವಾಗದಿರಲಿ ಅಂತ ಮಾಸ್ಟರ್ (ಪ್ರಶ್ನೆ ಕೇಳುವ ಪೈ) ಕಡೆ ಎರಡು 560 ಓಮ್ ರೆಸಿಸ್ಟರ್ ಹಾಕಿದೆ, ಒಂದು ತಂತಿಯನ್ನು ಮೇಲಕ್ಕೆ ಎಳೆಯಲು, ಇನ್ನೊಂದನ್ನು ಕೆಳಕ್ಕೆ. ಇದನ್ನು ಲೈನಿನ ಒಂದೇ ಕಡೆ ಹಾಕಬೇಕು. ಆ ಸೊನ್ನೆ ಆಮೇಲೆ ಕಂಡಿಲ್ಲ.

ಉಳಿದದ್ದು ಗಡಿಯಾರದ ತಂಟೆ. ಅಲ್ಲಿನ ಆಪರೇಟರ್ ಕಾಕಾ ಕರೆಂಟ್ ಹೋದದ್ದು, ಬಂದದ್ದು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ನನ್ನ ಲಾಗ್ ತೋರಿಸಿದಾಗ, “ಕರೆಂಟ್ ಬಂದದ್ದು ನಾಕಕ್ಕರೀ, ನಿಮ್ದ್ರಾಗ ಮೂರಕ್ಕ ಅಂತೈತಲ್ಲರೀ” ಅಂದರು. ಅವರ ಮಾತು ಸರಿ. ಪೈ 3ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಬಂದ ಮೇಲೆ ಇಂಟರ್‌ನೆಟ್ ಸಿಗುವ ತನಕ ಹಳೆಯ ಟೈಮನ್ನೇ ಹಿಡಿದು ನಡೆಯುತ್ತದೆ. ಸದ್ಯಕ್ಕೆ ಪ್ರತಿ ಸಾಲಿಗೂ ಬೂಟ್ ಐಡಿ (ಪೈ ಪ್ರತಿ ಸಲ ಶುರುವಾದಾಗ ಸಿಗುವ ಹೊಸ ಗುರುತು), ಬೂಟ್ ಆದಾಗಿನಿಂದ ಎಷ್ಟು ಸೆಕೆಂಡ್ ಅನ್ನೋದನ್ನು ಸೇರಿಸಿದ್ದೇನೆ. ಒಂದೇ ಬೂಟ್‌ನ ಸಾಲುಗಳ ನಡುವಿನ ಅಂತರವಾದರೂ ನಂಬಬಹುದು.

ಮುಂದಿನ ಸಲ ಬ್ಯಾಡಗಿಗೆ ಹೋಗುವಾಗ ಡಿಎಸ್3231 ಬ್ಯಾಟರಿ ಗಡಿಯಾರದ ಮಾಡ್ಯೂಲ್ ಒಯ್ಯಬೇಕು. ಡ್ರೈವರ್ ನಿಲ್ಲಿಸದೆ ಸಿಗ್ನಲ್ ಕಳಿಸಿ ಡೀಬಗ್ ಆನ್ ಮಾಡುವುದು ಮನೆಯಲ್ಲಿ ನಡೆಯುತ್ತಿದೆ, ಅದನ್ನೂ ಅಲ್ಲಿ ಹಾಕಿ ನೋಡಬೇಕು. ಆ ತನಕ ಟೈಮಿಗೆ ಕಾಕಾನ ನೋಟ್‌ಬುಕ್ಕೇ ಗತಿ.