ಇಲಿಗಳ ವೇಪ್ ಪ್ರಯೋಗ: ಪಂಪ್ ಎಲ್ಲಿಡಬೇಕು?

ವೇಪ್ (ಇ-ಸಿಗರೇಟು) ಹೊಗೆಗೆ ಇಲಿಗಳನ್ನು ಒಡ್ಡುವ ಪ್ರಯೋಗಕ್ಕೆ ಆರ್ಡುಯಿನೊ (ಪುಟ್ಟ ನಿಯಂತ್ರಕ ಬೋರ್ಡ್), ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಪುಟ್ಟ ಡಯಾಫ್ರಮ್ ಪಂಪ್, ಇಲಿಗಳನ್ನಿಡಲು ಅಕ್ರಿಲಿಕ್ ಪೆಟ್ಟಿಗೆ ಇದ್ದರೆ ಕೆಲಸ ಶುರುಮಾಡಬಹುದು. ಆದರೆ ಏರೋಸಾಲನ್ನು (ವೇಪ್ ಉಗುಳುವ ಸಣ್ಣ ಹನಿಗಳ ಹೊಗೆ) ಪಂಪ್ ಮೂಲಕ ಹಾಯಿಸಲೇಬೇಡಿ. ಅದರಲ್ಲಿರುವ ಗ್ಲಿಸರಿನ್ ಅಂಟಿ ಪಂಪಿನ ವಾಲ್ವ್ ಕಚ್ಚಿಕೊಳ್ಳುತ್ತದೆ, ಪಫ್ (ಒಂದು ಎಳೆತದ ಹೊಗೆ) ಸದ್ದಿಲ್ಲದೆ ಕುಗ್ಗುತ್ತಾ ಹೋಗುತ್ತದೆ. ವೇಪನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಆ ಡಬ್ಬಿಗೆ ಶುದ್ಧ ಗಾಳಿ ತಳ್ಳಿ. ವೇಪಿನ ಬಾಯಿಯ ನಳಿಕೆ ಮಾತ್ರ ಡಬ್ಬಿಯಿಂದ ಹೊರಬಂದು ಇಲಿಗಳ ಪೆಟ್ಟಿಗೆಯತ್ತ ಇರಲಿ. ಬಟನ್ ಇರುವ ವೇಪೇ ಬೇಕು, ರಿಲೇಯನ್ನು ಬಟನ್‌ಗೆ ಸಮಾಂತರವಾಗಿ ಬೆಸೆಯಬಹುದು.

ಕೊರೆಸ್ಟಾ (ತಂಬಾಕು ಸಂಶೋಧನೆಯ ಅಂತರರಾಷ್ಟ್ರೀಯ ಸಂಘಟನೆ) ವಿಧಾನ 81ರ ಪ್ರಕಾರ 30 ಸೆಕೆಂಡಿಗೊಂದು ಪಫ್: 3 ಸೆಕೆಂಡು, 55 ಮಿಲಿ. ಅಂದರೆ ಪಂಪ್ ಓಡುವಾಗ ಹರಿವು ನಿಮಿಷಕ್ಕೆ 1.1 ಲೀಟರ್. ಇಲಿಗಳ ಪೆಟ್ಟಿಗೆಗೆ ತಾಜಾ ಗಾಳಿಯ ಹರಿವು ಬೇರೆಯೇ ಇರಬೇಕು, ನಿಲ್ಲಬಾರದು. ಪ್ರಾಣಿಗಳ ಒಟ್ಟು ಗಾತ್ರ ಪೆಟ್ಟಿಗೆಯ 5% ಮೀರದಿರಲಿ.

ವೇಪಿನಿಂದ ಪೆಟ್ಟಿಗೆಗೆ ಹೋಗುವ ಕೊಳವೆ ಉದ್ದವಾದಷ್ಟೂ ಒಳಗೋಡೆಯಲ್ಲಿ ಹನಿ ಕೂತು ಡೋಸ್ ಇಳಿಯುತ್ತದೆ. ಹಾಗಾಗಿ ಲೇಬಲ್‌ನ ನಿಕೋಟಿನ್ ಅಂಕಿಯಿಂದಲೇ ಡೋಸ್ ಊಹಿಸಬೇಡಿ: ಇಲಿಯ ಮೂಗಿನ ಮಟ್ಟದಲ್ಲಿ ಗ್ಲಾಸ್‌ಫೈಬರ್ ಫಿಲ್ಟರ್ ಮೂಲಕ ಗಾಳಿ ಎಳೆದು, ಫಿಲ್ಟರನ್ನು ಮೊದಲೂ ನಂತರವೂ ತೂಗಿ. ತೂಕದ ವ್ಯತ್ಯಾಸವೇ ಅಲ್ಲಿಗೆ ತಲುಪಿದ ಏರೋಸಾಲ್‌ನ ಅಳತೆ.