ಗಾಜಿನಲ್ಲಿ ಕಂಡ ಮರ

ಅಕ್ಟೋಬರ್ ತಿಂಗಳ ಆ ಬೆಳಿಗ್ಗೆ ನಾನು ಎಂದಿಗಿಂತ ಒಂದು ಗಂಟೆ ಮೊದಲೇ ಕಚೇರಿ ತಲುಪಿದ್ದೆ. ಹಿಂದಿನ ರಾತ್ರಿಯೆಲ್ಲ ಮೋಡ ಕವಿದು, ನಸುಕಿನಲ್ಲಿ ಒಂದಿಷ್ಟು ತುಂತುರು ಬಿದ್ದು ನಿಂತಿತ್ತು. ಕಟ್ಟಡದ ಪೂರ್ವಕ್ಕಿರುವ ಸಣ್ಣ ತೋಟದ ಹಾದಿಯಲ್ಲಿ ನಡೆಯುತ್ತಿದ್ದಾಗ, ನೆಲಮಹಡಿಯ ಗಾಜಿನ ಗೋಡೆಯ ಬುಡದಲ್ಲಿ ಉದುರಿದ ಎಲೆಯಂಥದ್ದೇನೋ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಬಾಗಿ ನೋಡಿದರೆ ಹಕ್ಕಿ. ಮಾಸಲು ಹಸಿರು ಬೆನ್ನು, ತೆಳು ಹಳದಿ ಹೊಟ್ಟೆ, ಕಣ್ಣಿನ ಮೇಲೆ ಹುಬ್ಬು ತೀಡಿದಂತಹ ತಿಳಿ ಗೆರೆ. ಚಳಿಗಾಲಕ್ಕೆ ವಲಸೆ ಬರುವ ಪುಟ್ಟ ಉಲಿಯಕ್ಕಿಗಳ ಪೈಕಿ ಒಂದು. ರೆಕ್ಕೆಯನ್ನು ಅರ್ಧ ಬಿಚ್ಚಿ, ಕೊಕ್ಕು ತೆರೆದು, ಮೈಯೆಲ್ಲ ಅದುರುವಷ್ಟು ವೇಗವಾಗಿ ಉಸಿರಾಡುತ್ತ ಕುಳಿತಿತ್ತು.

ಆ ತೋಟಕ್ಕೂ ನನಗೂ ಹಳೆಯ ನಂಟು. ಎಂಟು ವರ್ಷಗಳ ಹಿಂದೆ, ವಾಹನ ನಿಲ್ಲಿಸಲೆಂದು ಬಿಟ್ಟಿದ್ದ ಆ ಜಾಗದಲ್ಲಿ ಮರ ಬೆಳೆಸೋಣವೆಂದು ಸಹೋದ್ಯೋಗಿಗಳ ಸಹಿ ಕೂಡಿಸಿ ಆಡಳಿತಕ್ಕೆ ಪತ್ರ ಬರೆದವರಲ್ಲಿ ನಾನೂ ಒಬ್ಬಳು. ಅಲಂಕಾರದ ಗಿಡಗಳನ್ನು ಬಿಟ್ಟು, ಹಕ್ಕಿಗೆ ಹಣ್ಣನ್ನೂ ಚಿಟ್ಟೆಯ ಮರಿಹುಳುವಿಗೆ ಎಲೆಯನ್ನೂ ಜೇನಿಗೆ ಹೂವನ್ನೂ ಕೊಡುವ ಸ್ಥಳೀಯ ಜಾತಿಗಳನ್ನೇ ಹುಡುಕಿ ನೆಟ್ಟಿದ್ದೆವು; ಕೀಟನಾಶಕ ಸಿಂಪಡಿಸಬಾರದು, ಉದುರಿದ ಎಲೆಯನ್ನು ಹೊರಗೆ ಎಸೆಯದೆ ಮರದ ಬುಡಕ್ಕೇ ಸರಿಸಬೇಕು ಎಂದು ಹಟ ಹಿಡಿದಿದ್ದೆವು. ಮೂರನೆಯ ವರ್ಷ ಮೊದಲ ಗೂಡು ಕಂಡಾಗ ಆದ ಸಂತೋಷ ಇನ್ನೂ ನೆನಪಿದೆ. ನಗರದಲ್ಲಿ ಜೀವವೈವಿಧ್ಯವನ್ನು ಉಳಿಸುವ ಕೆಲಸದಲ್ಲಿ ನನ್ನ ಪಾಲಿನದು ಅಲ್ಲಿಗೆ ಮುಗಿಯಿತು, ಮುಂದಿನದನ್ನು ಮರಗಳೇ ನೋಡಿಕೊಳ್ಳುತ್ತವೆ ಎಂದು ನಂಬಿದ್ದೆ.

ಪೆಟ್ಟು ತಿಂದ ಹಕ್ಕಿಗೆ ನೀರು ಕುಡಿಸಬಾರದು, ಮುದ್ದಿನಿಂದ ಮೈ ಸವರಬಾರದು ಎಂಬಷ್ಟು ತಿಳಿದಿತ್ತು. ಕೊಕ್ಕಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿದೀತು; ನಮ್ಮ ಕೈ ಎಷ್ಟೇ ಮೃದುವಾಗಿದ್ದರೂ ಅದಕ್ಕೆ ಅದು ಬೇಟೆಗಾರನ ಹಿಡಿತವೇ. ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಮೌನ. ರಟ್ಟಿನ ಪೆಟ್ಟಿಗೆಗಾಗಿ ಅತ್ತಿತ್ತ ನೋಡುತ್ತಿದ್ದಾಗ, ಪೊರಕೆ ಮತ್ತು ಮೊರ ಹಿಡಿದು ಬರುತ್ತಿದ್ದ ಸ್ವಚ್ಛತಾ ಕೆಲಸದ ಹಿರಿಯ ಮಹಿಳೆ ನನ್ನನ್ನು ಕಂಡು ನಿಂತರು. ನಾನು ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ಒಳಗಿನಿಂದ ಕಾಗದದ ಕಟ್ಟು ಬರುವ ಖಾಲಿ ಪೆಟ್ಟಿಗೆಯನ್ನು ತಂದುಕೊಟ್ಟು, "ಇದೊಂದು ಉಳಿದಿದೆಯಲ್ಲ, ಅಷ್ಟೇ ಪುಣ್ಯ ಮೇಡಂ. ಆ ಕಂಬದ ಹತ್ತಿರ ಇನ್ನೂ ಎರಡು ಸತ್ತು ಬಿದ್ದಿವೆ," ಎಂದರು.

ಪೆಟ್ಟಿಗೆಗೆ ನಾಲ್ಕು ತೂತು ಕೊರೆದು, ತಳಕ್ಕೆ ಬಟ್ಟೆ ಹಾಸಿ, ಹಕ್ಕಿಯನ್ನು ಅದರಲ್ಲಿಟ್ಟು ಮುಚ್ಚಿದ ಮೇಲೆ, ಇಂಥದ್ದನ್ನು ಮೊದಲೂ ಕಂಡಿದ್ದೀರಾ ಎಂದು ಅವರನ್ನು ಕೇಳಿದೆ.

"ಪ್ರತಿ ವರ್ಷ ಈ ತಿಂಗಳಲ್ಲಿ ಹೀಗೇ ಮೇಡಂ. ಮೋಡ ಇದ್ದ ರಾತ್ರಿ ಆದ್ಮೇಲೆ ಜಾಸ್ತಿ. ನೀವೆಲ್ಲ ಬರೋ ಹೊತ್ತಿಗೆ ನಾನು ಗುಡಿಸಿರ್ತೀನಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ."

ಅವರ ದನಿಯಲ್ಲಿ ದೂರಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದರು. ಆದರೆ ಆ ಮಾತು ಕೇಳಿ ನನಗೆ ನಿಂತಲ್ಲೇ ಕಾಲು ಕುಸಿದಂತಾಯಿತು. ಎಂಟು ವರ್ಷ ಅದೇ ತೋಟದ ಹಕ್ಕಿಗಳನ್ನು ಎಣಿಸಿ ಪಟ್ಟಿ ಮಾಡಿದವಳು ನಾನು. ಸತ್ತ ಹಕ್ಕಿಗಳನ್ನು ಕಂಡವರು, ಅವು ಯಾವ ತಿಂಗಳಲ್ಲಿ, ಯಾವ ಕಂಬದಿಂದ ಯಾವ ಕಂಬದವರೆಗೆ ಬೀಳುತ್ತವೆ ಎಂಬುದನ್ನು ಬಲ್ಲವರು ಇವರೊಬ್ಬರೇ. ಅವರನ್ನು ನಾವು ಯಾರೂ ಕೇಳಿರಲಿಲ್ಲ.

ಅವರು ತೋರಿಸಿದ ಜಾಗದಲ್ಲಿ ಗಾಜಿಗೆ ಎದುರಾಗಿ ಮಂಡಿಯೂರಿ ಕುಳಿತೆ. ನಿಂತು ನೋಡುವಾಗ ನನಗೆ ಗಾಜಿನ ಹಿಂದಿನ ಮೇಜು, ಕುರ್ಚಿ, ಕಿಟಕಿಯ ಚೌಕಟ್ಟು ಇವೆಲ್ಲ ಕಾಣುತ್ತಿದ್ದವು. ಕೆಳಗೆ ಕುಳಿತು, ತೋಟದ ಪೊದೆಗಳ ಎತ್ತರದಿಂದ ನೋಡಿದಾಗ ಅವೆಲ್ಲ ಮರೆಯಾದವು. ಉಳಿದದ್ದು ನಾವು ನೆಟ್ಟ ಮರಗಳು ಮಾತ್ರ; ಒಂದು ಸಾಲು ನನ್ನ ಬೆನ್ನ ಹಿಂದೆ, ಅಷ್ಟೇ ಹಸಿರಾದ ಇನ್ನೊಂದು ಸಾಲು ನನ್ನ ಮುಂದೆ, ಅದರ ಸಂದುಗಳಲ್ಲಿ ಬೆಳಗಾಗುತ್ತಿದ್ದ ಆಕಾಶ. ರಾತ್ರಿಯಿಡೀ ಹಾರಿ ದಣಿದು ಇಳಿದ ಹಕ್ಕಿ, ಹುಳು ಹುಡುಕುತ್ತ ಒಂದು ಕೊಂಬೆಯಿಂದ ಎದುರಿನ ಕೊಂಬೆಗೆ ಹಾರಿದರೆ, ಆ ಎದುರಿನ ಕೊಂಬೆ ಗಾಜಿನೊಳಗಿನದಾಗಿರುತ್ತಿತ್ತು.

ಗಾಜನ್ನು ನಾವು ಕೂಡ ನೇರವಾಗಿ ಕಾಣುವುದು ಕಡಿಮೆ. ಚೌಕಟ್ಟು, ಹಿಡಿಕೆ, ಕಟ್ಟಡದ ಆಕಾರ ಇವುಗಳಿಂದ ಅಲ್ಲಿ ಗಾಜಿದೆ ಎಂದು ಊಹಿಸುವುದನ್ನು ಬಾಲ್ಯದಿಂದ ಕಲಿತಿರುತ್ತೇವೆ. ಹಕ್ಕಿಗೆ ಆ ಕಲಿಕೆಯಿಲ್ಲ. ಕಲಿಯಲು ಎರಡನೆಯ ಅವಕಾಶವೂ ಹೆಚ್ಚಿನವಕ್ಕೆ ಸಿಗುವುದಿಲ್ಲ. ಅಮೆರಿಕದ ಪಕ್ಷಿವಿಜ್ಞಾನಿ ಡೇನಿಯಲ್ ಕ್ಲೆಮ್ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡುತ್ತ ಬಂದವರು. ಆ ಒಂದು ದೇಶದಲ್ಲೇ ವರ್ಷಕ್ಕೆ 10 ಕೋಟಿಯಿಂದ 100 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತಿರಬಹುದು ಎಂದು ಅವರು 1990ರಲ್ಲಿ ಅಂದಾಜಿಸಿದ್ದರು. 2014ರಲ್ಲಿ ಬೇರೆ ವಿಜ್ಞಾನಿಗಳು ಲಭ್ಯವಿದ್ದ ದಾಖಲೆಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗಲೂ 36.5 ಕೋಟಿಯಿಂದ 98.8 ಕೋಟಿ ಎಂಬ ಅಂದಾಜು ಬಂದಿತು. ಈ ಅಂಕಿಗಳನ್ನು ನಾನು ಹಿಂದೆ ಓದಿದ್ದೆ. ಓದುವಾಗ ನನ್ನ ಮನಸ್ಸಿನಲ್ಲಿದ್ದದ್ದು ಗಗನಚುಂಬಿಗಳು. ನಾಲ್ಕು ಮಹಡಿಯ ನಮ್ಮ ಕಟ್ಟಡ ನೆನಪಿಗೂ ಬಂದಿರಲಿಲ್ಲ. ವಾಸ್ತವದಲ್ಲಿ ಆ ಸಾವುಗಳಲ್ಲಿ ಗಗನಚುಂಬಿಗಳ ಪಾಲು ಒಂದು ಶೇಕಡಕ್ಕಿಂತ ಕಡಿಮೆ. ಉಳಿದವು ಮನೆಗಳ ಮತ್ತು ನಮ್ಮಂತಹ ತಗ್ಗು ಕಟ್ಟಡಗಳ ಕಿಟಕಿಗಳಲ್ಲಿ ಆಗುವಂಥವು.

ಹತ್ತು ಗಂಟೆಯ ಸುಮಾರಿಗೆ ಪೆಟ್ಟಿಗೆಯೊಳಗಿನಿಂದ ಪರಪರ ಸದ್ದು ಕೇಳಿಸಿತು. ಕಟ್ಟಡದಿಂದ ದೂರ, ಗಾಜೇ ಇಲ್ಲದ ಕಡೆಗೆ ಒಯ್ದು ಮುಚ್ಚಳ ತೆರೆದೆವು. ಹಕ್ಕಿ ಒಂದು ಕ್ಷಣ ಅಂಚಿನ ಮೇಲೆ ಕುಳಿತು, ನೇರವಾಗಿ ಹತ್ತಿರದ ಮರದ ಎಲೆಗಳ ನಡುವೆ ಹೊಕ್ಕು ಕಾಣದಾಯಿತು. ಹತ್ತು ಗ್ರಾಂ ತೂಗಬಹುದಾದ ಆ ಜೀವ ಎಷ್ಟು ದೂರದಿಂದ ಬಂದಿತ್ತೋ.

ಸತ್ತ ಎರಡು ಹಕ್ಕಿಗಳನ್ನು ಒಂದು ಕಾಗದದಲ್ಲಿ ಸುತ್ತಿಟ್ಟುಕೊಂಡೆ. ಆಗ ನನಗೆ ನೆನಪಾದವರು ಷಿಕಾಗೊದ ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲಾರ್ಡ್. 1978ರಲ್ಲಿ ಅವರು ತಮ್ಮ ವಸ್ತುಸಂಗ್ರಹಾಲಯದ ಸಮೀಪದ ಮೆಕಾರ್ಮಿಕ್ ಪ್ಲೇಸ್ ಎಂಬ ಸಭಾಂಗಣದ ಬುಡದಲ್ಲಿ ಬಿದ್ದಿದ್ದ ಹಕ್ಕಿಗಳನ್ನು ಆರಿಸಿ ತರಲು ತೊಡಗಿದರು. ವಲಸೆಯ ಕಾಲದ ಬೆಳಗುಗಳಲ್ಲಿ ದಶಕಗಳ ಕಾಲ ಆ ಕೆಲಸ ನಡೆಯಿತು. ಹಾಗೆ ಷಿಕಾಗೊದಲ್ಲಿ ಕೂಡಿದ 70,000ಕ್ಕೂ ಹೆಚ್ಚು ಹಕ್ಕಿಗಳ ಅಳತೆಗಳನ್ನು ಹೋಲಿಸಿದಾಗ, ನಾಲ್ಕು ದಶಕಗಳಲ್ಲಿ 52 ಜಾತಿಗಳ ಹಕ್ಕಿಗಳಲ್ಲಿ ಒಟ್ಟಾರೆಯಾಗಿ ದೇಹ ಕಿರಿದಾಗಿ ರೆಕ್ಕೆ ಉದ್ದವಾಗಿದೆ ಎಂಬುದು 2019ರಲ್ಲಿ ಬೆಳಕಿಗೆ ಬಂತು. ಗುಡಿಸಿ ಹಾಕಿದ್ದರೆ ಆ ತಿಳಿವಳಿಕೆ ಕಸದೊಂದಿಗೆ ಹೋಗುತ್ತಿತ್ತು. ಅದೇ ಕಟ್ಟಡದ ಬುಡದಲ್ಲಿ 2023ರ ಅಕ್ಟೋಬರ್ 5ರ ಬೆಳಿಗ್ಗೆ ಸುಮಾರು 1,000 ಹಕ್ಕಿಗಳು ಸತ್ತು ಬಿದ್ದವು. ಮರುವರ್ಷ ಅದರ ಗಾಜಿಗೆಲ್ಲ ಸಣ್ಣ ಚುಕ್ಕಿಗಳಿರುವ ಫಿಲ್ಮ್ ಅಂಟಿಸಿದರು. ಆ ವರ್ಷದ ವಲಸೆಯ ಕಾಲದಲ್ಲಿ ಸಾವುಗಳು ಶೇಕಡ 95ರಷ್ಟು ಇಳಿದವು.

ಮಧ್ಯಾಹ್ನ ಕಟ್ಟಡ ನಿರ್ವಹಣೆಯವರ ಮುಂದೆ ಕಾಗದದ ಪೊಟ್ಟಣ ಬಿಚ್ಚಿಟ್ಟೆ. ಬೆಳಗಿನ ಆ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರೇ ಮಾತನಾಡಬೇಕು ಎಂಬುದು ನನ್ನ ಆಸೆಯಾಗಿತ್ತು, ಮೊದಲು ಸಂಕೋಚಪಟ್ಟರೂ ಅವರು ಕಂಬಗಳ ಸಂಖ್ಯೆ ಸಮೇತ ಎಲ್ಲವನ್ನೂ ಹೇಳಿದರು. ವ್ಯವಸ್ಥಾಪಕರು ಒಳ್ಳೆಯವರೇ. ಗಿಡುಗದ ಚಿತ್ರವೊಂದನ್ನು ಅಂಟಿಸಿದರೆ ಸಾಲದೇ ಎಂದು ಕೇಳಿದರು. ಹಕ್ಕಿಗೆ ಅದು ಗಿಡುಗನಂತೆ ಕಾಣುವುದಿಲ್ಲ. ಚಿತ್ರವನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ರೆಂಬೆಗಳ ನಡುವೆ ಅಂಗೈಯಷ್ಟು ಸಂದಿನಲ್ಲೂ ತೂರಿಹೋಗುವ ಜೀವ ಅದು. ಆದ್ದರಿಂದ ಗುರುತುಗಳ ನಡುವಿನ ಅಂತರ 5 ಸೆಂಟಿಮೀಟರ್ ಮೀರದಂತೆ ಗಾಜಿನ ತುಂಬ ಇರಬೇಕು, ಅದೂ ಹೊರಮೈಯಲ್ಲಿ. ಒಳಗೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅವನ್ನು ಮುಚ್ಚಿಬಿಡುತ್ತದೆ. ನ್ಯೂಯಾರ್ಕ್ ನಗರ 2019ರಲ್ಲಿ ಹೊಸ ಕಟ್ಟಡಗಳಿಗೆ ಇಂತಹ ಗಾಜನ್ನೇ ಕಡ್ಡಾಯ ಮಾಡುವ ಕಾನೂನು ತಂದದ್ದನ್ನು ತಿಳಿಸಿದೆ.

ಅವರ ನಿಜವಾದ ಅಡ್ಡಿ ಬೇರೆಯದಿತ್ತು. ಒಳಗೆ ಕುಳಿತವರಿಗೆ ತೋಟ ಕಾಣಬೇಕೆಂದೇ ಆ ಗಾಜಿನ ಗೋಡೆ ಇರುವುದು, ಚುಕ್ಕಿ ಹಾಕಿದರೆ ಜನ ಒಪ್ಪುವರೇ ಎಂದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಮನುಷ್ಯನಿಗೆ ಮರ ಕಾಣುವುದು ಮುಖ್ಯ. ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಇಟ್ಟಿಗೆಯ ಗೋಡೆಯನ್ನು ನೋಡುತ್ತ ಮಲಗಿದವರಿಗಿಂತ ಕಿಟಕಿಯಲ್ಲಿ ಮರ ಕಾಣುತ್ತಿದ್ದವರು ಬೇಗ ಮನೆಗೆ ಮರಳಿದರು, ಅವರಿಗೆ ಪ್ರಬಲವಾದ ನೋವುನಿವಾರಕಗಳು ಕಡಿಮೆ ಬೇಕಾದವು ಎಂದು ಅಮೆರಿಕದ ಸಂಶೋಧಕ ರಾಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ್ದರು. ನಾವು ತೋಟ ಕೇಳಿ ಬರೆದ ಪತ್ರದಲ್ಲೇ ಆ ಅಧ್ಯಯನದ ಉಲ್ಲೇಖವಿತ್ತು. ನಮ್ಮನ್ನು ಸಂತೈಸುವ ನೋಟವೂ ಹಕ್ಕಿಯನ್ನು ಕೊಲ್ಲುವ ನೋಟವೂ ಒಂದೇ ಗಾಜಿನ ಎರಡು ಮೈಗಳು ಎಂಬುದು ಆ ಪತ್ರ ಬರೆಯುವಾಗ ನಮಗೆ ಹೊಳೆದಿರಲಿಲ್ಲ. ಹಸಿರು ಬೆಳೆಸಿ ಹಕ್ಕಿಗಳನ್ನು ಕರೆದವರು ನಾವು. ಗಾಜನ್ನು ಹಾಗೆಯೇ ಬಿಟ್ಟು ಮರವನ್ನಷ್ಟೇ ಕೊಟ್ಟರೆ ಅದು ಕರೆದು ಕೊಂದಂತೆ. ಚುಕ್ಕಿಗಳು ಕೆಲವೇ ಮಿಲಿಮೀಟರಿನವು, ಒಳಗಿನಿಂದ ನೋಡುವ ಕಣ್ಣು ಎರಡು ದಿನದಲ್ಲಿ ಅವನ್ನು ಮರೆಯುತ್ತದೆ ಎಂದು ಒಂದು ಕಿಟಕಿಗೆ ಪ್ರಯೋಗವಾಗಿ ಹಾಕಿ ತೋರಿಸಲು ಒಪ್ಪಂದವಾಯಿತು.

ದೀಪಗಳ ವಿಷಯಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಮೋಡ ಕವಿದ ರಾತ್ರಿಗಳಲ್ಲಿ ವಲಸೆಯ ಹಕ್ಕಿಗಳು ತಗ್ಗಿ ಹಾರುತ್ತವೆ, ನಗರದ ಬೆಳಕು ಅವನ್ನು ಸೆಳೆದು ದಿಕ್ಕು ತಪ್ಪಿಸುತ್ತದೆ. ನ್ಯೂಯಾರ್ಕಿನಲ್ಲಿ ಪ್ರತಿ ಸೆಪ್ಟೆಂಬರ್ 11ರಂದು ಆಕಾಶಕ್ಕೆ ಹಾಯಿಸುವ ಸ್ಮಾರಕ ದೀಪಗಳನ್ನು ಏಳು ವರ್ಷಗಳ ಕಾಲ ಗಮನಿಸಿದವರು, ಆ ಏಳು ರಾತ್ರಿಗಳಲ್ಲಿ 11 ಲಕ್ಷ ಹಕ್ಕಿಗಳ ಹಾರಾಟ ಅವುಗಳಿಂದ ಬಾಧಿತವಾಗಿತ್ತೆಂದು 2017ರಲ್ಲಿ ತಿಳಿಸಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಅದರ ಮುಂದಿನ ಮಾತು: ದೀಪ ಆರಿಸಿದ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿಯುತ್ತಿದ್ದವು. ನಗರದಲ್ಲಿ ನಾವು ಮಾಡುವ ಹಾನಿಗಳಲ್ಲಿ ಇಷ್ಟು ಬೇಗ ಹಿಂತೆಗೆಯಬಹುದಾದದ್ದು ಬೇರೆ ಯಾವುದಿದೆ? ಅಂದು ರಾತ್ರಿಯೇ ಪೂರ್ವದ ಬದಿಯ ದೀಪಗಳನ್ನು ಹನ್ನೊಂದಕ್ಕೆ ಆರಿಸಿದರು. ವಾರದ ನಂತರ ಎದುರಿನ ವಸತಿ ಕಟ್ಟಡದ ವೃದ್ಧರೊಬ್ಬರು ಕಾವಲುಗಾರರ ಬಳಿ ಬಂದು, ಇಷ್ಟು ವರ್ಷಗಳ ಮೇಲೆ ಮಲಗುವ ಕೋಣೆಯ ಪರದೆ ಸರಿಸಿ ನಿದ್ದೆ ಮಾಡುತ್ತಿದ್ದೇನೆ ಎಂದು ಹೇಳಿ ಹೋದರಂತೆ.

ಆ ಹಕ್ಕಿ ಸಿಕ್ಕಿದ ಮರುದಿನ ಆರು ಗಂಟೆಗೇ ಹೋದೆ. ಆ ತಾಯಿ ಗುಡಿಸದೆ ನನಗಾಗಿ ಕಾಯುತ್ತಿದ್ದರು. ಇಬ್ಬರೂ ಗೋಡೆಯುದ್ದಕ್ಕೂ ನಡೆದೆವು; ಒಂದು ಹಕ್ಕಿಯೂ ಬಿದ್ದಿರಲಿಲ್ಲ. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ತಾರೀಖು, ಹವಾಮಾನ, ಸೊನ್ನೆ ಎಂದು ಬರೆದು, ಅದನ್ನು ಅವರ ಕೈಗೇ ಕೊಟ್ಟೆ. ಅಂದಿನಿಂದ ಆ ಪುಸ್ತಕ ಅವರದು. ಫಿಲ್ಮ್ ಬರಲು ಐದು ತಿಂಗಳು ಹಿಡಿಯಿತು, ಹಣ ಒದಗಿದ್ದು ಎರಡು ಮಹಡಿಗಳ ಎತ್ತರಕ್ಕಷ್ಟೇ. ಆ ಎತ್ತರದಲ್ಲಿ ಈಗ ಬಡಿದ ಸದ್ದು ಕೇಳುವುದು ಅಪರೂಪ. ಆದರೆ ಮರಗಳು ಬೆಳೆಯುತ್ತಲೇ ಇವೆ. ಈ ವರ್ಷ ಅವುಗಳ ತುದಿ ಮೂರನೆಯ ಮಹಡಿಯ ಗಾಜಿನಲ್ಲಿ ಕಾಣಿಸಿಕೊಂಡಿದೆ. ಪುಸ್ತಕದ ಕೊನೆಯ ನಾಲ್ಕು ಸಾಲುಗಳನ್ನು ನಕಲು ಮಾಡಿ, ಆ ಮಹಡಿಗೂ ಫಿಲ್ಮ್ ಬೇಕೆಂದು ಅರ್ಜಿ ಬರೆದಿದ್ದೇನೆ. ಅದಕ್ಕೆ ನನ್ನ ಸಹಿಯ ಕೆಳಗೆ ಅವರ ಸಹಿಯೂ ಇದೆ.