ಯಂತ್ರ ಒತ್ತಿದ ಹಂಚಿನಲ್ಲಿ ಕಲೆ ಎಲ್ಲಿದೆ?

ಮರದ ಕೆತ್ತನೆಯ ಬಗ್ಗೆಯೋ ಎರಕದ ವಿಗ್ರಹದ ಬಗ್ಗೆಯೋ ಬರೆದಾಗ ಯಾರೂ ಏನೂ ಕೇಳುವುದಿಲ್ಲ. ಮಂಗಳೂರು ಹಂಚಿನ ಬಗ್ಗೆ ಬರೆದರೆ ಪ್ರಶ್ನೆ ಬಂದೇ ಬರುತ್ತದೆ: ‘ಅದು ಕಾರ್ಖಾನೆಯ ಮಾಲಲ್ವಾ? ಅಚ್ಚಿಗೆ ಹಾಕಿ ಒತ್ತಿದ್ದರಲ್ಲಿ ಕಲೆ ಎಲ್ಲಿಂದ ಬಂತು?’

ಮಣ್ಣನ್ನು ಬಲ್ಲವರ ಕೈಯಿಂದ ಬಂತು ಎನ್ನುತ್ತೇನೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿಯ ದಡದಲ್ಲೇ. ಜೇಡಿಮಣ್ಣು ದೋಣಿಯಲ್ಲಿ ಬರಬೇಕು, ಸುಟ್ಟ ಹಂಚು ನೀರಿನ ದಾರಿಯಲ್ಲೇ ಬಂದರಿಗೆ ಹೋಗಬೇಕು. ನದಿಯನ್ನು ಬಿಟ್ಟು ಆ ಕಾರ್ಖಾನೆಯ ಬಗ್ಗೆ ಬರೆಯಲಾಗುವುದಿಲ್ಲ.

ಇನ್ನು ಅಚ್ಚು. ಹಸಿ ಹಂಚು ಒಣಗುವಾಗ ಒಮ್ಮೆ, ಬೇಯುವಾಗ ಇನ್ನೊಮ್ಮೆ ಕುಗ್ಗುತ್ತದೆ. ಅಷ್ಟನ್ನೂ ಮೊದಲೇ ಲೆಕ್ಕ ಹಾಕಿ ಅಚ್ಚನ್ನು ದೊಡ್ಡದಾಗಿ ಮಾಡಿರುತ್ತಾರೆ. ಆದರೆ ಮಣ್ಣಿನಲ್ಲಿ ನೀರು ಹೆಚ್ಚಾದರೆ ಆ ಲೆಕ್ಕ ತಪ್ಪಿತು. ಹದ ಸರಿಯೇ ಎಂದು ಹೇಳುವುದು ಮಣ್ಣು ಮುಟ್ಟಿದ ಬೆರಳು. ಒತ್ತಿದ ಹಂಚನ್ನು ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಹಾಗಾಗಿ ನೆರಳಲ್ಲಿ, ಗಾಳಿಯಾಡುವ ಅಟ್ಟಣಿಗೆಯ ಮೇಲೆ, ನಿಧಾನವಾಗಿ ಒಣಗಬೇಕು. ಭಟ್ಟಿಯಿಂದ ಇಳಿಸಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ: ಚೆನ್ನಾಗಿ ಬೆಂದದ್ದು ಕಂಚಿನ ಬಟ್ಟಲಿನಂತೆ ಕಣಕಣ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದು ಸದ್ದು ಮಾಡುತ್ತದೆ. ಕೆಂಪು ಬಣ್ಣ ಬಳಿದದ್ದಲ್ಲ. ಮಣ್ಣಿನೊಳಗಿನ ಕಬ್ಬಿಣದ ಅಂಶ ಬೆಂಕಿಯಲ್ಲಿ ತೋರುವ ಬಣ್ಣ.

ಅದರ ರೂಪವೂ ನನಗೆ ತುಂಬ ಇಷ್ಟ. ಕುಂಬಾರರ ನಾಡಹಂಚು ಒಂದರ ಮೇಲೊಂದು ಸುಮ್ಮನೆ ಕೂರುತ್ತಿತ್ತು, ಸರಿದರೆ ಮತ್ತೆ ಹೊದಿಸಬೇಕಿತ್ತು. ಇದಕ್ಕೆ ಅಂಚಿನಲ್ಲಿ ತೋಡುಗಳಿವೆ, ಪಕ್ಕದ ಹಂಚನ್ನು ಹಿಡಿದುಕೊಳ್ಳುತ್ತದೆ. ಅಡಿಯ ಗುಬುಟು ಮಾಡಿನ ರೀಪಿಗೆ, ಅಂದರೆ ಹಂಚು ಕೂರುವ ಮರದ ಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಜಡಿಮಳೆಯಲ್ಲಿ ಒಂದು ಹಂಚಿನ ತೋಡಿಗೆ ಇಳಿದ ನೀರು ಕೆಳಗಿನ ಹಂಚಿನ ಮೇಲೇ ಹರಿದು ಸೂರಿಗೆ ಬರುತ್ತದೆ. ಇಷ್ಟು ಯೋಚಿಸಿ ಮಾಡಿದ ವಸ್ತುವನ್ನು ‘ಬರೀ ಮಾಲು’ ಎನ್ನಲು ನನಗೆ ಮನಸ್ಸಿಲ್ಲ.

ಕಾಂಕ್ರೀಟು ತಾರಸಿ ಬಂತು, ಮಣ್ಣೂ ಸೌದೆಯೂ ದುಬಾರಿಯಾದವು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹಳೆಯ ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರಿದೆ, ಮಣ್ಣು ಹದ ಮಾಡಿದವರ ಹೆಸರಿಲ್ಲ. ಅವರಲ್ಲಿ ಎಷ್ಟೋ ಮಂದಿ ಇನ್ನೂ ನಮ್ಮ ನಡುವೆ ಇದ್ದಾರೆ. ಹದಕ್ಕೆ, ಬಿರುಕಿಗೆ, ಸದ್ದಿಗೆ ಅವರು ಆಡುವ ತುಳು, ಕೊಂಕಣಿ, ಕನ್ನಡದ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದೇ ನಾನು ಹಂಚಿನ ಬಗ್ಗೆ ಬರೆಯುವುದು.